ಮೇಡಂ, ಇದಕ್ಕೆ ದೇವರು ಒಪ್ಪುತ್ತಾನಾ?

ದಾವಣಗೆರೆಯಲ್ಲಿ ಮಕ್ಕಳಾಗದವರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆಯೊಂದರಲ್ಲಿ ನಾನು ಕೌನ್ಸೆಲರ್. ಡಾಕ್ಟರು ರಿಪೋರ್ಟ್ ನೋಡಿ "ಇನ್ನು ಡೋನರ್ ಬೇಕಾಗುತ್ತೆ", ಅಂದರೆ ಬೇರೆಯವರ ಅಂಡಾಣು ಇಲ್ಲವೇ ವೀರ್ಯ ಪಡೆಯಬೇಕಾಗುತ್ತೆ ಅಂದ ಮೇಲೆ ಗಂಡ ಹೆಂಡತಿ ನನ್ನ ರೂಮಿಗೆ ಬರುತ್ತಾರೆ. ಇಲ್ಲಿ ಯಾರೂ ಅಂಡಾಣು ಅನ್ನುವುದಿಲ್ಲ, ಎಗ್ ಅಂತಾರೆ. ವೀರ್ಯ ಅನ್ನುವ ಪದವನ್ನಂತೂ ಗಂಡಸರು ಬಾಯಿಗೇ ತರುವುದಿಲ್ಲ. "ಅದು" ಅಂತಾರೆ, ಅಷ್ಟೇ. ಮೊದಲ ಐದು ನಿಮಿಷ ಖರ್ಚಿನ ಮಾತು. ಆಮೇಲೆ ಒಬ್ಬರು ಬಾಗಿಲು ಹಾಕಿದೆಯಾ ಅಂತ ತಿರುಗಿ ನೋಡಿ ಕೇಳುತ್ತಾರೆ: "ಮೇಡಂ, ಇದಕ್ಕೆ ದೇವರು ಒಪ್ಪುತ್ತಾನಾ?"

ಮದುವೆ ಮನೆಯಲ್ಲಿ ಸಿಕ್ಕ ನೆಂಟರೂ ಇದನ್ನೇ ಕೇಳುತ್ತಾರೆ. ಊಟದ ಪಂಕ್ತಿಯಲ್ಲಿ ಕೂತು ಹೇಳಿ ಮುಗಿಸುವ ಉತ್ತರ ಇದಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ನನ್ನ ಹತ್ತಿರ ಬಂದವರ ಗುರುತು ಸಿಗದ ಹಾಗೆ ಊರು, ವಿವರ ಬದಲಿಸಿದ್ದೇನೆ.

ನೇರ ಉತ್ತರ ಸಿಗುವ ಕಡೆಯಿಂದ ಶುರು ಮಾಡ್ತೀನಿ. ಒಂದು ಮುಸ್ಲಿಂ ಜೋಡಿ ನನ್ನ ಹತ್ತಿರ ಬರುವ ಮೊದಲೇ ತಮ್ಮ ಮೌಲಾನಾರನ್ನು ಕೇಳಿಕೊಂಡು ಬಂದಿದ್ದರು. ಸುನ್ನಿಗಳಲ್ಲಿ ಈ ವಿಷಯದ ಬಗ್ಗೆ ಗೊಂದಲ ಕಡಿಮೆ. ಜಗತ್ತಿನ ಮೊದಲ ಟೆಸ್ಟ್ ಟ್ಯೂಬ್ ಮಗು ಹುಟ್ಟಿದ್ದು 1978ರಲ್ಲಿ. ಅದಾಗಿ ಎರಡೇ ವರ್ಷಕ್ಕೆ, 1980ರಲ್ಲಿ, ಸುನ್ನಿಗಳ ದೊಡ್ಡ ವಿದ್ಯಾಕೇಂದ್ರವಾದ ಕೈರೋದ ಅಲ್ ಅಜರ್‌ನಿಂದ ಫತ್ವಾ ಬಂತು. ಗಂಡ ಹೆಂಡತಿಯದೇ ಆದರೆ ಐವಿಎಫ್, ಅಂದರೆ ಟೆಸ್ಟ್ ಟ್ಯೂಬ್ ಚಿಕಿತ್ಸೆ, ಮಾಡಿಸಿಕೊಳ್ಳಬಹುದು, ಮೂರನೆಯವರದು ಬೇಡ. ಕಾರಣ ನಸಬ್, ಅಂದರೆ ವಂಶದ ನಂಟು. ಮಗುವಿಗೆ ತನ್ನ ತಂದೆ ಯಾರು, ತಾಯಿ ಯಾರು ಅಂತ ಗೊತ್ತಿರಬೇಕು. ಆಸ್ತಿ ಭಾಗ, ಯಾರನ್ನು ಮದುವೆಯಾಗಬಹುದು ಅನ್ನುವುದೆಲ್ಲ ಅದರ ಮೇಲೇ ನಿಂತಿದೆ. ಶಿಯಾಗಳಲ್ಲಿ ಬೇರೆ ದಾರಿಯೂ ಇದೆ. 1999ರಲ್ಲಿ ಇರಾನಿನ ಆಯತೊಲ್ಲಾ ಖಮೇನಿ ಕೆಲವು ಷರತ್ತು ಹಾಕಿ ದಾನಕ್ಕೆ ಒಪ್ಪಿದರು.

ಆ ಹೆಂಡತಿ ಒಂದೇ ಮಾತು ಕೇಳಿದಳು. "ನನ್ನ ತಂಗೀದು ತಗೊಂಡ್ರೆ? ಅವಳು ಬೇರೆಯವಳಲ್ವಲ್ಲ?" ಗಂಡ ತಲೆ ತಗ್ಗಿಸಿ ಕೂತಿದ್ದ. ಮೌಲಾನಾರ ಲೆಕ್ಕದಲ್ಲಿ ತಂಗಿಯೂ ಮೂರನೆಯವಳೇ. ನಮ್ಮ ಕಾನೂನಿನಲ್ಲೂ ಎಗ್ ದಾನಿ, ದಾನಿಗಳನ್ನು ಒದಗಿಸುವ ನೋಂದಾಯಿತ ಬ್ಯಾಂಕಿನ ಮೂಲಕವೇ ಬರಬೇಕು. ಅವಳು ಅತ್ತಳು, ಫೈಲ್ ತೆಗೆದುಕೊಂಡು ಹೋದಳು. ನಾನು ತಡೆಯಲಿಲ್ಲ. ಅವರಿಗೆ ನೋವಿತ್ತು, ಆದರೆ ಏನು ಮಾಡಬೇಕು ಅನ್ನುವುದು ಗೊತ್ತಿತ್ತು. ಮುಂದೆ ಬರುವ ಬಹಳ ಜನಕ್ಕೆ ಅದೂ ಇರುವುದಿಲ್ಲ.

ಕ್ಯಾಥೊಲಿಕ್ ಚರ್ಚಿನ ನಿಲುವು ಇನ್ನೂ ಬಿಗಿ. 1987ರಲ್ಲಿ ವ್ಯಾಟಿಕನ್ ಹೇಳಿದ ಪ್ರಕಾರ ದಾನಿಯ ಮಾತು ಬಿಡಿ, ಗಂಡ ಹೆಂಡತಿಯದೇ ಆದರೂ ಐವಿಎಫ್ ಬೇಡ. ಆದರೆ ಇಲ್ಲೇ ಪಕ್ಕದ ಹರಿಹರದ ಆರೋಗ್ಯ ಮಾತೆ ಚರ್ಚಿಗೆ ಹೋಗಿ ನೋಡಿ. ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಜಾತಿ, ಎಲ್ಲ ಮತದವರೂ ಬರುತ್ತಾರೆ. ಮಗು ಬೇಕು ಅಂತ ಹರಕೆ ಹೊತ್ತವರೂ ಅದರಲ್ಲಿ ಇರುತ್ತಾರೆ. ನನ್ನ ಹತ್ತಿರ ಬರುವ ಲಿಂಗಾಯತ, ಕುರುಬ ಹೆಣ್ಣುಮಕ್ಕಳೇ ಅಲ್ಲಿಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದಿರುತ್ತಾರೆ. ಚರ್ಚು ಏನು ಹೇಳುತ್ತೆ ಅಂತ ಅವರು ಯಾರೂ ಕೇಳಲು ಹೋಗುವುದಿಲ್ಲ. ಮಾತೆ ತಾಯಿ, ಅಷ್ಟು ಸಾಕು.

ಇನ್ನು ಹಿಂದೂಗಳ ಕಥೆ. ಇಲ್ಲಿ ಬೇಡ ಅನ್ನುವ ಒಬ್ಬ ಗುರುವಿಲ್ಲ, ಹೂಂ ಅನ್ನುವವನೂ ಇಲ್ಲ. ಮಹಾಭಾರತ ತೆಗೆದರೆ ಧೃತರಾಷ್ಟ್ರ, ಪಾಂಡು ಹುಟ್ಟಿದ್ದೇ ವಿಚಿತ್ರವೀರ್ಯ ಸತ್ತ ಮೇಲೆ, ವ್ಯಾಸರಿಂದ. ಅದಕ್ಕೆ ನಿಯೋಗ ಅಂತ ಹೆಸರು. ಮನುಸ್ಮೃತಿಯ ಒಂಬತ್ತನೇ ಅಧ್ಯಾಯ ನಿಯೋಗಕ್ಕೆ ದಾರಿ ಕೊಟ್ಟು, ಕೆಲವೇ ಶ್ಲೋಕ ದಾಟುವಷ್ಟರಲ್ಲಿ ಅದನ್ನೇ ಪಶುಧರ್ಮ ಅಂತ ಬೈಯುತ್ತದೆ. ಬೇಕಾದವರು ಬೇಕಾದ್ದು ಆರಿಸಿಕೊಳ್ಳಬಹುದು. ಇಲ್ಲಿ ವ್ಯಾಪಾರ ಮಾಡುವ ಮಾರವಾಡಿ ಶ್ವೇತಾಂಬರ ಜೈನರಿಗೆ ಮಹಾವೀರನ ಗರ್ಭವೇ ದೇವಾನಂದೆಯಿಂದ ತ್ರಿಶಲೆಗೆ ಹೋದ ಕಥೆ ಇದೆ. ದಿಗಂಬರರು ಅದನ್ನು ಒಪ್ಪುವುದಿಲ್ಲ. ಶುರುವಿನಲ್ಲಿ ನಾನೂ ಈ ಕಥೆಗಳನ್ನೆಲ್ಲ ಉತ್ಸಾಹದಿಂದ ಹೇಳುತ್ತಿದ್ದೆ. ಜನ ನಯವಾಗಿ ತಲೆಯಾಡಿಸಿ, "ಅದೆಲ್ಲ ದೇವರ ಕಾಲದ್ದು ಮೇಡಂ" ಅಂತಿದ್ದರು. ಈಗ ಹೇಳುವುದು ಬಿಟ್ಟಿದ್ದೇನೆ.

ಇಷ್ಟು ವರ್ಷದಲ್ಲಿ ಗಮನಿಸಿದ್ದು ಒಂದಿದೆ. ಹೆಂಡತಿಗೆ ಎಗ್ ಬೇಕು ಅಂದರೆ ಒಂದೆರಡು ಸಲದ ಮಾತಿಗೆ ಮನೆಯವರು ಒಪ್ಪಿಬಿಡುತ್ತಾರೆ. "ಹೊಟ್ಟೇಲಿ ಬೆಳೆಸೋದು ಇವಳೇ ಅಲ್ವಾ" ಅಂತಾರೆ. ಗಂಡನಿಗೆ ಕೌಂಟ್ (ವೀರ್ಯಾಣುಗಳ ಸಂಖ್ಯೆ) ಇಲ್ಲ, ಬೇರೆಯವರದು ಬೇಕು ಅಂದ ಕೂಡಲೇ ಧರ್ಮ ನೆನಪಾಗುತ್ತದೆ. ಎರಡೂ ದಾನವೇ. ಒಂದಕ್ಕೆ ಸಿಗುವ ಒಪ್ಪಿಗೆ ಇನ್ನೊಂದಕ್ಕೆ ಯಾಕಿಲ್ಲ? ಹೆಣ್ಣು ಹೊಲ, ಗಂಡು ಬೀಜ ಅನ್ನುವ ಹಳೇ ನಂಬಿಕೆ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಹೆಂಗಸಿನ ಕಡೆಯಿಂದಲೂ ಒಂದು ಎಗ್ ಬೇಕು ಅನ್ನುವುದು ಅದರಲ್ಲಿ ಲೆಕ್ಕಕ್ಕೇ ಇಲ್ಲ.

ಆ ಲೆಕ್ಕವನ್ನು ಅದರ ಭಾಷೆಯಲ್ಲೇ ತಿರುಗಿಸಿ ಹಾಕಿದ್ದು ಜಗಳೂರು ಕಡೆಯ ಒಬ್ಬ ಅಜ್ಜಿ. ಮಗನದು ರಿಪೋರ್ಟಿನಲ್ಲಿ ಸೊನ್ನೆ. ಇಂಥ ವಿಷಯಕ್ಕೆ ತಾಯಿಯನ್ನು ಜೊತೆಗೆ ಕರೆದುಕೊಂಡು ಬಂದವರು ನನ್ನ ಅನುಭವದಲ್ಲಿ ಅವರೊಬ್ಬರೇ. ಮಗ ಅರ್ಧ ಗಂಟೆ ಮಾತಾಡದೆ ಕೂತ. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದರು: "ವರ್ಷಾ ವರ್ಷಾ ಅಂಗಡಿಯಿಂದ ಮೆಕ್ಕೆಜೋಳದ ಬೀಜ ತಂದು ಹಾಕ್ತೀವಿ. ಬೆಳೆ ಬಂದಾಗ ಕಂಪ್ನಿಯವ್ನು ಬಂದು ನಂದು ಅಂತ ಕೇಳ್ತಾನೇನು?"

ಮಗ ಆಗ ಬಾಯಿ ಬಿಟ್ಟ. "ಹೊಲಕ್ಕೆ ಪಹಣಿ ಐತೆ ಅವ್ವ. ಇದಕ್ಕೇನೈತೆ?"

ಅವನು ಕೇಳಿದ್ದು ಸರಿಯಾದ ಪ್ರಶ್ನೆ. ಇದಕ್ಕೂ ಪಹಣಿ ಇದೆ ಅಂತ ಹೇಳಿದೆ. ಇಂಥ ಚಿಕಿತ್ಸೆಗಳಿಗೆಂದೇ ಇರುವ ಎಆರ್‌ಟಿ ಕಾಯ್ದೆ, 2021ರದು, 2022ರ ಜನವರಿಯಿಂದ ಜಾರಿಯಲ್ಲಿದೆ. ಗಂಡ ಹೆಂಡತಿ ಇಬ್ಬರೂ ಬರೆದು ಒಪ್ಪಿಗೆ ಕೊಟ್ಟಿದ್ದರೆ, ಹುಟ್ಟುವ ಮಗು ಅವರ ಸ್ವಂತ ಮಗುವೇ. ದಾನಿಗೆ ಮಗುವಿನ ಮೇಲೆ ಯಾವ ಹಕ್ಕೂ ಇಲ್ಲ. ಹೆಸರೂ ಹೊರಗೆ ಬರುವುದಿಲ್ಲ. ಆಮೇಲೆ ಒಂದು ದಿನ ಮನುಸ್ಮೃತಿಯ ಅದೇ ಅಧ್ಯಾಯ ಓದುವಾಗ, ಬೇರೆಯವರ ಹೊಲದಲ್ಲಿ ಬಿತ್ತಿದವನಿಗೆ ಫಲ ಇಲ್ಲ, ಅದು ಹೊಲದವನದೇ ಅನ್ನುವ ವಾದ ಕಣ್ಣಿಗೆ ಬಿತ್ತು. ಅಜ್ಜಿ ಓದು ಬರಹ ಕಲಿತವರಲ್ಲ. ನನಗೆ ನಗು ಬಂತು.

ಈಗ ಕಷ್ಟದ ಭಾಗ. "ಧರ್ಮಕ್ಕೆ ಒಪ್ಪುತ್ತಾ" ಅಂತ ಕೇಳಿದವರು ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕೇಳುತ್ತಾರೆ. "ನಮ್ಮ ಜನದ್ದೇ ಸಿಗುತ್ತಾ?" ನಮ್ಮ ಜನ ಅಂದರೆ ಏನು ಅಂತ ಈ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ರಕ್ತದ ಗುಂಪು, ಎತ್ತರ, ಮೈಬಣ್ಣ ಹೊಂದುವ ಹಾಗೆ ನೋಡುತ್ತೇವೆ, ಜಾತಿ ಹೇಳುವುದಿಲ್ಲ ಅಂದರೆ ಮುಖ ಸಪ್ಪಗಾಗುತ್ತದೆ. ಬೆಡಗು, ಅಂದರೆ ಕುಲದ ಕವಲು, ನೋಡಿ ಹೆಣ್ಣು ಕೊಡುವ ಮನೆಯವರಿಗೆ ಒಂದು ಹೆದರಿಕೆ ಇರುತ್ತದೆ: ನಾಳೆ ಗೊತ್ತಿಲ್ಲದೆ ಅಣ್ಣ ತಂಗಿಗೇ ಮದುವೆಯಾಗಿಬಿಟ್ಟರೆ? ಆ ಹೆದರಿಕೆಯನ್ನು ನಾನು ತಳ್ಳಿಹಾಕುವುದಿಲ್ಲ. ಒಬ್ಬ ದಾನಿಯದನ್ನು ಒಂದೇ ದಂಪತಿಗೆ ಕೊಡಬೇಕು ಅಂತ ಕಾಯ್ದೆಯಲ್ಲೇ ಇದೆ. ಅದನ್ನು ಹೇಳಿದರೆ ಅರ್ಧ ಭಾರ ಇಳಿಯುತ್ತದೆ. ಉಳಿದರ್ಧ ಬರೀ ಜಾತಿ. ಅದಕ್ಕೆ ನನ್ನ ಹತ್ತಿರ ಔಷಧಿ ಇಲ್ಲ.

ಲಿಂಗಾಯತರು ಇದನ್ನು ಕೇಳಿದಾಗ ನನಗೆ ಒಳಗೊಳಗೇ ಸಿಟ್ಟು ಬರುತ್ತದೆ. ನಾನೂ ಅದೇ ಮನೆಯವಳು, ಹಾಗಾಗಿ ಹೇಳಬಹುದು ಅಂದುಕೊಂಡಿದ್ದೇನೆ. ನಾವು ಪಂಚಸೂತಕ, ಅಂದರೆ ಐದು ಬಗೆಯ ಮೈಲಿಗೆ, ಇಲ್ಲ ಅನ್ನುವವರು. ಆ ಐದರಲ್ಲಿ ಜನನ ಸೂತಕದ ಜೊತೆ ಜಾತಿ ಸೂತಕವೂ ಇದೆ. ಹುಟ್ಟಿದ ಮಗುವಿಗೆ ಲಿಂಗ ಕಟ್ಟುತ್ತಾರೆ. ದೀಕ್ಷೆ ಪಡೆದವನು ಗುರುವಿನ ಕೈಯಲ್ಲಿ ಮತ್ತೆ ಹುಟ್ಟಿದವನು ಅಂತ ನಮ್ಮ ಹಿರಿಯರೇ ಹೇಳಿದ್ದಾರೆ. ಮಠದಲ್ಲಿ ಇದನ್ನು ಕೇಳಿ ತಲೆದೂಗುವವರು ನನ್ನ ರೂಮಿಗೆ ಬಂದು ಒಳಪಂಗಡ ಯಾವುದು ಅಂತ ಕೇಳುತ್ತಾರೆ.

ಸೂತಕ ಅಂದಾಗ ಒಬ್ಬಳು ನೆನಪಾಗುತ್ತಾಳೆ. ಅವಳು ಎಗ್ ಕೊಡಲು ಬಂದವಳು. ನಮ್ಮಲ್ಲಿ ಚರ್ಚೆಯೆಲ್ಲ ಪಡೆಯುವವರ ಪಾಪ ಪುಣ್ಯದ್ದು. ಕೊಡುವವಳನ್ನು ಯಾರೂ ಕೇಳುವುದಿಲ್ಲ. ಕಾಯ್ದೆ ಪ್ರಕಾರ ಅವಳಿಗೆ 23ರಿಂದ 35 ವರ್ಷ ಆಗಿರಬೇಕು. ಜೀವಮಾನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಜಾಸ್ತಿ ತೆಗೆಯುವಂತಿಲ್ಲ. ಇದೆಲ್ಲ ಹೇಳಿ, ಇಂಜೆಕ್ಷನ್ ಎಷ್ಟು ದಿನ ಅಂತ ಹೇಳಿ, ಏನಾದರೂ ಕೇಳೋದಿದೆಯಾ ಅಂದೆ. ಕೈಯಲ್ಲಿದ್ದ ಬಳೆಯನ್ನು ತಿರುಗಿಸುತ್ತಾ ಕೂತಿದ್ದಳು. "ಆ ಮಗು ಹುಟ್ಟಿದ ದಿನ ನಂಗೆ ಪುರುಡು ಬರುತ್ತಾ ಮೇಡಂ? ಗೊತ್ತಿಲ್ದೆ ಅವತ್ತೇ ದೇವ್ರ ಮನೆಗೆ ಹೋಗಿಬಿಟ್ರೆ?"

ಇಂಥ ಪ್ರಶ್ನೆಗೆ ತರಬೇತಿಯಲ್ಲಿ ಉತ್ತರ ಹೇಳಿಕೊಟ್ಟಿರಲಿಲ್ಲ. ಹೆತ್ತವಳಿಗೆ ಪುರುಡು, ಕೊಟ್ಟವಳಿಗಲ್ಲ ಅಂತ ಹೇಳಿದೆ. ಹೇಳಲು ನಾನ್ಯಾರು ಅಂತ ಆಮೇಲೆ ಅನ್ನಿಸಿತು. ಅವಳಿಗೆ ಮಾತ್ರ ಸಮಾಧಾನವಾಯಿತು.

ಹಾಗಾದರೆ ದೇವರು ಒಪ್ಪುತ್ತಾನಾ? ನಿಮ್ಮ ಧರ್ಮದಲ್ಲಿ ಸ್ಪಷ್ಟವಾಗಿ ಬೇಡ ಅಂತ ಇದ್ದು, ನಿಮಗೂ ಅದು ಮನಸ್ಸಿನಿಂದ ಬೇಡ ಅನ್ನಿಸಿದರೆ, ಬೇಡ. ಒತ್ತಾಯ ಮಾಡುವ ಡಾಕ್ಟರ ಹತ್ತಿರ ಹೋಗಬೇಡಿ. ಹಾಗೇನೂ ಇಲ್ಲದೆ ಬರೀ ದೇವರ ಹೆಸರು ಹೇಳುತ್ತಿದ್ದರೆ, ನೀವು ಹೆದರಿರುವುದು ಯಾರಿಗೆ ಅಂತ ಒಂದು ರಾತ್ರಿ ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡಿ. ನಾನು ಮೊದಲು ಕೇಳುವುದೂ ಅದನ್ನೇ.

ಎರಡು ವರ್ಷ "ಮನೆದೇವ್ರು ಒಪ್ಪಲ್ಲ" ಅಂತ ತಳ್ಳುತ್ತಾ ಬಂದ ಒಬ್ಬರಿದ್ದರು. ಒಂದು ಸೋಮವಾರ ಬೆಳಿಗ್ಗೆ ಹೆಂಡತಿ ಜೊತೆ ಬಂದು ಫಾರಂ ಕೊಡಿ ಅಂದರು. ಹಿಂದಿನ ದಿನ ದೇವಸ್ಥಾನಕ್ಕೆ ಹೋಗಿ ಹೂ ಕೇಳಿದ್ದರಂತೆ. ಬಲಕ್ಕೇ ಬಂತಂತೆ. ನನಗೂ ಖುಷಿಯಾಯಿತು.

"ಏನಂತ ಕೇಳಿಕೊಂಡ್ರಿ?" ಅಂದೆ.

"ಆಸ್ಪತ್ರೆಗೆ ತೋರಿಸ್ಲಾ ಬೇಡ್ವಾ, ಅಷ್ಟೇ ಕೇಳಿದೆ. ಡೋನರ್ ಅಂತ ಹೇಳ್ಲಿಲ್ಲ ಮೇಡಂ," ಅಂದರು. "ಪೂಜಾರಿ ಪಕ್ಕದಲ್ಲೇ ನಿಂತಿದ್ದ."