ಜಾಝ್ ಎಲ್ಲಿಂದ ಶುರು ಮಾಡಲಿ ಎಂದು ಕೇಳುವ ಕಿರಿಯರಿಗೆ

ಹದಿನಾರರಿಂದ ಇಪ್ಪತ್ತೆರಡರ ನಡುವಿನ ವಯಸ್ಸಿನವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: “ಇತ್ತೀಚೆಗೆ ಜಾಝ್ ತುಂಬ ಹಿಡಿಸುತ್ತಿದೆ. ಆದರೆ ನನಗೆ ಸಂಗೀತಶಾಸ್ತ್ರವೂ ಗೊತ್ತಿಲ್ಲ, ಇತಿಹಾಸವೂ ಗೊತ್ತಿಲ್ಲ. ಸರಿಯಾಗಿ ಕೇಳಬೇಕಾದರೆ ಎಲ್ಲಿಂದ ಶುರು ಮಾಡಬೇಕು?” ಇದರ ಜೊತೆಗೆ ಒಂದು ಸಂಕೋಚವೂ ಸೇರಿರುತ್ತದೆ. ತಾವು ಈ ಸಂಗೀತಕ್ಕೆ ಬಂದದ್ದು ಯಾವುದೋ ಹಿಪ್‌ಹಾಪ್ ಹಾಡಿನಿಂದ, ಒಂದು ಆನಿಮೇಷನ್ ಸರಣಿಯ ಶೀರ್ಷಿಕೆ ಸಂಗೀತದಿಂದ, ಇಲ್ಲವೇ ಓದುವಾಗ ಹಿನ್ನೆಲೆಗೆಂದು ಹಾಕಿಕೊಂಡ ಪ್ಲೇಲಿಸ್ಟಿನಿಂದ ಎಂಬುದನ್ನು ಅವರು ತಪ್ಪೊಪ್ಪಿಗೆಯ ಹಾಗೆ ಹೇಳಿಕೊಳ್ಳುತ್ತಾರೆ. ನನ್ನ ಉತ್ತರ ಆ ಸಂಕೋಚವನ್ನು ಬಿಡಿಸುವುದರಿಂದಲೇ ಆರಂಭವಾಗಬೇಕು. ನೀವು ಆಗಲೇ ಶುರು ಮಾಡಿಯಾಗಿದೆ. ಇನ್ನು ಮಾಡಬೇಕಾದದ್ದು, ನಿಮ್ಮನ್ನು ಹಿಡಿದು ನಿಲ್ಲಿಸಿದ ಆ ಒಂದು ಧ್ವನಿಮುದ್ರಣದಲ್ಲಿ ಯಾರು ಯಾರು ನುಡಿಸಿದ್ದಾರೆ ಎಂದು ನೋಡಿ, ಆ ಹೆಸರುಗಳ ಬೆನ್ನು ಹತ್ತುವುದು.

ಹಿಪ್‌ಹಾಪ್ ದಾರಿಯಿಂದ ಬಂದವರಿಗೆ ನಾನು ಸಾಮಾನ್ಯವಾಗಿ ಕೊಡುವ ಉದಾಹರಣೆ ಇದು. 1990ರ ದಶಕದ ಆರಂಭದಲ್ಲಿ ಲಂಡನ್ನಿನ ‘ಅಸ್‌ತ್ರೀ’ ಎಂಬ ತಂಡದ ಹಾಡೊಂದು ಬಹಳ ಜನಪ್ರಿಯವಾಯಿತು. ಅದರ ತಳದಲ್ಲಿ ಸುತ್ತಿ ಸುತ್ತಿ ಬರುವ ಪಿಯಾನೊ ತುಣುಕು ಹರ್ಬಿ ಹ್ಯಾನ್‌ಕಾಕ್ ಅವರ ‘ಕ್ಯಾಂಟಲೋಪ್ ಐಲ್ಯಾಂಡ್’ ರಚನೆಯದು. ಮೂಲವನ್ನು ಹುಡುಕಿಕೊಂಡು ಹೋದರೆ ಸಿಗುವುದು 1964ರ ಜೂನ್ 17ರಂದು ನ್ಯೂ ಜೆರ್ಸಿಯ ಸ್ಟುಡಿಯೊ ಒಂದರಲ್ಲಿ ನಾಲ್ವರು ಕೂಡಿ ಮುದ್ರಿಸಿದ ಸಂಗೀತ. ಹ್ಯಾನ್‌ಕಾಕ್ ಅವರಿಗೆ ಆಗ 24 ವರ್ಷ, ಟ್ರಂಪೆಟ್‌ನಂಥ ಕಾರ್ನೆಟ್ ಊದಿದ ಫ್ರೆಡ್ಡಿ ಹಬರ್ಡ್ ಅವರಿಗೆ 26, ತಗ್ಗು ಸ್ವರದ ದೊಡ್ಡ ತಂತಿವಾದ್ಯವಾದ ಡಬಲ್ ಬೇಸ್ ನುಡಿಸಿದ ರಾನ್ ಕಾರ್ಟರ್ ಅವರಿಗೆ 27. ಡ್ರಮ್ಸ್ ಮುಂದೆ ಕುಳಿತಿದ್ದ ಟೋನಿ ವಿಲಿಯಮ್ಸ್‌ಗೆ 18. ಅದಕ್ಕೂ ಒಂದು ವರ್ಷ ಮೊದಲೇ, ಹದಿನೇಳರ ವಯಸ್ಸಿನಲ್ಲಿ, ಆತ ಹೆಸರಾಂತ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡವನ್ನು ಸೇರಿದ್ದ. ಇದೇ ರಾನ್ ಕಾರ್ಟರ್ 1991ರಲ್ಲಿ ‘ಎ ಟ್ರೈಬ್ ಕಾಲ್ಡ್ ಕ್ವೆಸ್ಟ್’ ಎಂಬ ಹಿಪ್‌ಹಾಪ್ ತಂಡದ ಆಲ್ಬಮ್‌ನಲ್ಲಿ ತಾವೇ ಬಂದು ಬೇಸ್ ನುಡಿಸಿದರು. ಪಕ್ಕದ ಬಾಗಿಲೆಂದು ನೀವು ಹಿಂಜರಿಯುತ್ತಿರುವ ದಾರಿಯಲ್ಲಿ ಸ್ವತಃ ವಾದಕರೇ ಆಚೀಚೆ ಓಡಾಡಿದ್ದಾರೆ.

ಈ ವಯಸ್ಸುಗಳನ್ನು ನಾನು ಬೇಕೆಂದೇ ಹೇಳುತ್ತೇನೆ. ಜಾಝ್ ಎಂದರೆ ಹಿರಿಯರ, ತಿಳಿದವರ, ಗಂಭೀರ ಮುಖದವರ ಸಂಗೀತ ಎಂಬ ಭಾವನೆ ಎಷ್ಟೋ ಕಿರಿಯರ ಬಾಯಿ ಕಟ್ಟಿಸಿದೆ. ಆದರೆ ಗಾಯಕಿ ಎಲ್ಲಾ ಫಿಟ್ಸ್‌ಜೆರಾಲ್ಡ್ 1934ರಲ್ಲಿ ನ್ಯೂಯಾರ್ಕಿನ ಅಪೊಲೊ ಥಿಯೇಟರಿನ ಹವ್ಯಾಸಿಗಳ ಸ್ಪರ್ಧೆಯಲ್ಲಿ ಗೆದ್ದಾಗ ಅವರಿಗೆ ಹದಿನೇಳು ವರ್ಷ. ಎಲೆಕ್ಟ್ರಿಕ್ ಗಿಟಾರಿಗೆ ಜಾಝ್‌ನಲ್ಲಿ ಒಂದು ಸ್ವಂತ ನುಡಿಯನ್ನು ಕೊಟ್ಟ ಚಾರ್ಲಿ ಕ್ರಿಶ್ಚಿಯನ್ 1942ರಲ್ಲಿ ಕ್ಷಯದಿಂದ ತೀರಿಕೊಂಡಾಗ 25. ಟ್ರಂಪೆಟ್ ವಾದಕ ಕ್ಲಿಫರ್ಡ್ ಬ್ರೌನ್ 1956ರಲ್ಲಿ ಕಾರು ಅಪಘಾತದಲ್ಲಿ ಹೋದಾಗಲೂ 25. ಈ ಕೊನೆಯ ಇಬ್ಬರು ಬಾಳಿದ್ದೇ ಅಷ್ಟು. ಈ ಸಂಗೀತದ ಎಷ್ಟೋ ದೊಡ್ಡ ಕೆಲಸ ನಿಮ್ಮ ವಯಸ್ಸಿನವರು, ಅಥವಾ ನಿಮಗಿಂತ ನಾಲ್ಕೈದು ವರ್ಷ ದೊಡ್ಡವರು ಮಾಡಿದ್ದು.

ಈಗ ಪಟ್ಟಿಗಳ ವಿಷಯ. ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರ ಕೈಗೆ ಒಡನೆಯೇ ಸಿಗುವುದು ಕೇಳಲೇಬೇಕಾದ ನೂರು ಆಲ್ಬಮ್‌ಗಳ ಪಟ್ಟಿ. ಕೊಡುವವರ ಉದ್ದೇಶ ಒಳ್ಳೆಯದೇ. ತೊಂದರೆ ಇರುವುದು, ಪಟ್ಟಿಯಲ್ಲಿ ಒಂದನೆಯದಕ್ಕೂ ಎರಡನೆಯದಕ್ಕೂ ಕಿವಿ ಹಿಡಿದು ನಡೆಯಬಹುದಾದ ಯಾವ ಸಂಬಂಧವೂ ಇಲ್ಲದಿರುವುದರಲ್ಲಿ. ಹತ್ತನೆಯದಕ್ಕೆ ಬರುವಷ್ಟರಲ್ಲಿ ಕೇಳುವುದು ಪಾಠ ಒಪ್ಪಿಸುವ ಕೆಲಸವಾಗಿಬಿಡುತ್ತದೆ, ಇಷ್ಟವಾಗದೆ ಹೋದರೆ ದೋಷ ತನ್ನದೇ ಎನಿಸತೊಡಗುತ್ತದೆ. ಹೆಸರುಗಳನ್ನು ಹಿಡಿದು ಹೋದಾಗ ಹೀಗಾಗುವುದಿಲ್ಲ. ಬಹುತೇಕ ಎಲ್ಲ ಪಟ್ಟಿಗಳ ಮೊದಲಿಗೆ ಬರುವ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಆಲ್ಬಮನ್ನೇ ತೆಗೆದುಕೊಳ್ಳಿ. ಅದು 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು, ಎರಡೇ ದಿನಗಳ ಮುದ್ರಣದಲ್ಲಿ ಮುಗಿದದ್ದು. ಪಿಯಾನೊ ನಿಮಗೆ ಹಿಡಿಸಿದರೆ ಬಿಲ್ ಎವಾನ್ಸ್ ಎಂಬ ಹೆಸರು ನಿಮ್ಮನ್ನು 1961ರ ಜೂನ್ 25ಕ್ಕೆ, ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಎಂಬ ನೆಲಮಾಳಿಗೆಯ ಕ್ಲಬ್ಬಿಗೆ ಕರೆದೊಯ್ಯುತ್ತದೆ. ಅಲ್ಲಿ ಅವರ ಜೊತೆ ಬೇಸ್ ನುಡಿಸಿದ ಸ್ಕಾಟ್ ಲಫಾರೊ ಹನ್ನೊಂದು ದಿನಗಳ ನಂತರ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರಿಗೂ 25 ವರ್ಷ. ಟೆನರ್ ಸ್ಯಾಕ್ಸೊಫೋನ್ ಹಿಡಿಸಿದರೆ ಜಾನ್ ಕೋಲ್ಟ್ರೇನ್ ಎಂಬ ಹೆಸರಿದೆ. ಅದರ ಬೆನ್ನು ಹತ್ತಿದವರು 1964ರ ಡಿಸೆಂಬರಿನಲ್ಲಿ ಅವರ ನಾಲ್ವರ ತಂಡ ಮುದ್ರಿಸಿದ ‘ಎ ಲವ್ ಸುಪ್ರೀಮ್’ ತನಕ ಹೋಗದೆ ನಿಲ್ಲುವುದು ಕಷ್ಟ.

ಹಿಂದಕ್ಕೂ ಹೀಗೆಯೇ ಹೋಗಬಹುದು. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಹದಿಹರೆಯದಲ್ಲಿ ಅದೇ ವಾದ್ಯದ ಲೆಸ್ಟರ್ ಯಂಗ್ ಅವರ ಮುದ್ರಿಕೆಗಳಿಂದ ಕಲಿತರು. ಲೆಸ್ಟರ್ ಯಂಗ್ ತಾವು ಕಲಿತದ್ದು ಇನ್ನೊಬ್ಬ ಸ್ಯಾಕ್ಸೊಫೋನ್ ವಾದಕ ಫ್ರಾಂಕಿ ಟ್ರಂಬೌವರ್ ಅವರ ಮುದ್ರಿಕೆಗಳಿಂದ ಎಂದು ಹೇಳುತ್ತಿದ್ದರು. ಈ ಮೂವರನ್ನು ಒಂದೇ ಸಂಜೆ ಹಿಂದುಮುಂದಾಗಿ ಕೇಳಿದರೆ ಮೂರು ಪೀಳಿಗೆಗಳ ಬಂಧುತ್ವ ಕಿವಿಗೇ ಗೊತ್ತಾಗುತ್ತದೆ. ಹಳೆಯ ಮುದ್ರಣಗಳಲ್ಲಿ ಎಲ್ಲವೂ ಮೂರು ನಿಮಿಷಕ್ಕೆ ಮುಗಿಯುವುದೇಕೆ ಎಂದು ಕೇಳುವವರಿದ್ದಾರೆ. ಹತ್ತು ಅಂಗುಲದ 78 ವೇಗದ, ಅಂದರೆ ನಿಮಿಷಕ್ಕೆ 78 ಸುತ್ತು ತಿರುಗುವ, ತಟ್ಟೆಯ ಒಂದು ಬದಿಯಲ್ಲಿ ಹಿಡಿಯುತ್ತಿದ್ದುದು ಸುಮಾರು ಅಷ್ಟೇ. ದೀರ್ಘವಾದನದ ತಟ್ಟೆ, ಅಂದರೆ ಎಲ್‌ಪಿ, ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ಹಾಗಾಗಿ ಹಳಬರ ಏಕವಾದನದಲ್ಲಿ, ಅಂದರೆ ತಂಡದಲ್ಲಿ ಒಬ್ಬರೇ ಮುಂದೆ ಬಂದು ನುಡಿಸುವ ಭಾಗದಲ್ಲಿ, ವ್ಯರ್ಥವಾದ ಸ್ವರ ಬಹಳ ಕಡಿಮೆ.

ಶಾಸ್ತ್ರ ಗೊತ್ತಿಲ್ಲ ಎಂಬ ಅಂಜಿಕೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸಬೇಕು, ಏಕೆಂದರೆ ಅದರಲ್ಲಿ ಒಂದು ನಿಜವಾದ ಕಷ್ಟವಿದೆ. ಮೊದಲ ಸಲ ಕೇಳುವವರಿಗೆ ಧಾಟಿ ಮುಗಿದ ಮೇಲೆ ಬರುವ ಏಕವಾದನ ದಿಕ್ಕಿಲ್ಲದೆ ಸಾಗುತ್ತಿದೆ ಎನಿಸುವುದು ಸಹಜ. ನನಗೂ ಬಹಳ ಕಾಲ ಹಾಗೆಯೇ ಅನಿಸಿತ್ತು. ಅದನ್ನು ಬಿಡಿಸಿದ್ದು ಒಂದು ಸರಳವಾದ ಅಭ್ಯಾಸ: ಆರಂಭದ ಧಾಟಿಯನ್ನು ಗುನುಗಲು ಬರುವಷ್ಟು ಸಲ ಕೇಳುವುದು, ಆಮೇಲೆ ಏಕವಾದನ ನಡೆಯುತ್ತಿರುವಾಗ ಅದರ ಅಡಿಯಲ್ಲಿ ಅದೇ ಧಾಟಿಯನ್ನು ಮೆಲ್ಲಗೆ ಗುನುಗುತ್ತ ಹೋಗುವುದು. ಸಾಂಪ್ರದಾಯಿಕ ಜಾಝ್ ವಾದನದಲ್ಲಿ ಧಾಟಿ ಮುಗಿದರೂ ಅದರ ಅಸ್ಥಿಪಂಜರ ಹೋಗುವುದಿಲ್ಲ. ಅದೇ ಅಳತೆ, ಒಟ್ಟಿಗೆ ನುಡಿಯುವ ಅದೇ ಸ್ವರಗುಚ್ಛಗಳ (ಕಾರ್ಡ್‌ಗಳ) ಅನುಕ್ರಮ ಒಂದು ಆವರ್ತದ ಹಾಗೆ ಮತ್ತೆ ಮತ್ತೆ ಸುತ್ತುತ್ತಿರುತ್ತದೆ, ಮತ್ತು ವಾದಕರು ಆ ಆವರ್ತದ ಮೇಲೆ ಆ ಕ್ಷಣಕ್ಕೆ ಹೊಳೆದದ್ದನ್ನು ಕಟ್ಟುತ್ತಾರೆ. ನಿಮ್ಮ ಗುನುಗು ಮೊದಲಿಗೆ ಮರಳುವ ಹೊತ್ತಿಗೆ ಸರಿಯಾಗಿ ಡ್ರಮ್ಸ್ ಒಂದು ಪೆಟ್ಟು ಹೆಚ್ಚು ಕೊಟ್ಟಿತೆಂದರೆ, ಪಿಯಾನೊ ಹೊಸದೊಂದು ಮಾತು ಎತ್ತಿಕೊಂಡಿತೆಂದರೆ, ಇಡೀ ತಂಡ ನೀವು ನಿಂತಿರುವ ಜಾಗದಲ್ಲೇ ನಿಂತಿದೆ ಎಂಬುದು ಗೊತ್ತಾಗುತ್ತದೆ. ಆ ಗಳಿಗೆಯ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ.

ಈ ಅಭ್ಯಾಸಕ್ಕೆ ‘ಕೈಂಡ್ ಆಫ್ ಬ್ಲೂ’ವಿನ ಮೊದಲ ರಚನೆ ‘ಸೋ ವಾಟ್’ ಬಹಳ ಒಳ್ಳೆಯದು. ಅದರಲ್ಲಿ ಧಾಟಿಯನ್ನು ನುಡಿಸುವುದೇ ಬೇಸ್. ಉಳಿದ ವಾದ್ಯಗಳು ಅದಕ್ಕೆ ಎರಡು ಸ್ವರಗುಚ್ಛಗಳಲ್ಲಿ ಉತ್ತರ ಕೊಡುತ್ತವೆ. ಆವರ್ತ 32 ಬಾರ್‌ಗಳದು, ಇಲ್ಲಿ ಒಂದು ಬಾರ್ ಎಂದರೆ ನಾಲ್ಕು ಎಣಿಕೆಯ ಅಳತೆ. ಮೊದಲ 16 ಬಾರ್ ಒಂದೇ ಸ್ವರಶ್ರೇಣಿಯಲ್ಲಿ ನಡೆದು, ಮುಂದಿನ 8 ಬಾರ್ ಅದೇ ಶ್ರೇಣಿ ಅರ್ಧ ಸ್ವರ ಮೇಲೇರಿ, ಕೊನೆಯ 8 ಬಾರ್ ಮತ್ತೆ ಕೆಳಗಿಳಿಯುತ್ತದೆ. ಶಾಸ್ತ್ರದ ಒಂದು ಅಕ್ಷರವೂ ತಿಳಿಯದವರಿಗೂ ಆ ಏರುವಿಕೆ, ಕೋಣೆಯ ದೀಪ ಒಮ್ಮೆಲೇ ಬದಲಾದ ಹಾಗೆ ಅನುಭವಕ್ಕೆ ಬರುತ್ತದೆ. ಡೇವಿಸ್, ಕೋಲ್ಟ್ರೇನ್, ಕ್ಯಾನನ್‌ಬಾಲ್ ಆ್ಯಡರ್‌ಲಿ, ಎವಾನ್ಸ್ ಎಂಬ ಕ್ರಮದಲ್ಲಿ ನಾಲ್ವರು ಒಬ್ಬರ ನಂತರ ಒಬ್ಬರು ನುಡಿಸುವಾಗ, ಆ ಏರಿನ ಬಳಿ ಪ್ರತಿಯೊಬ್ಬರೂ ಏನು ಮಾಡುತ್ತಾರೆ ಎಂಬುದನ್ನಷ್ಟೇ ಗಮನಿಸಿ. ಒಂದು ವಾರ ಅದೊಂದನ್ನೇ ಕೇಳಿದರೂ ಸಮಯ ಹಾಳಾಗುವುದಿಲ್ಲ.

ಸಂತೋಷವನ್ನು ಹಂಚಿಕೊಳ್ಳುವುದು ಹೇಗೆ ಎಂಬುದೂ ಈ ಪ್ರಶ್ನೆಯೊಳಗೆ ಅಡಗಿರುತ್ತದೆ. ಹೊಸಬರು ತಮಗೆ ಇಷ್ಟವಾದದ್ದರ ಬಗ್ಗೆ ಹೇಳಲು ಹೊರಟು, ಏನಾದರೂ ತಪ್ಪು ಹೇಳಿ ತಿಳಿದವರಿಂದ ಬೈಸಿಕೊಂಡೇವೆಂದು ಹೆದರಿ, ಅದ್ಭುತ, ಅಮೋಘ ಎಂಬಂಥ ಮಾತುಗಳಲ್ಲೇ ನಿಲ್ಲಿಸಿಬಿಡುತ್ತಾರೆ. ನಾನು ಅವರಿಗೆ ಹೇಳುವುದು: ಯಾವ ನಿಮಿಷದಲ್ಲಿ ಏನಾಯಿತೆಂದು ಹೇಳಿ. “ನಾಲ್ಕನೆಯ ನಿಮಿಷದ ಹತ್ತಿರ ಬೇಸ್ ಒಂದು ಕ್ಷಣ ನಿಂತುಹೋಗುತ್ತದೆ, ಆಗ ನನಗೆ ಮೈ ಜುಮ್ಮೆಂದಿತು” ಎಂದು ಹದಿನೇಳರ ಹುಡುಗಿಯೊಬ್ಬಳು ಬರೆದಿದ್ದಳು. ನಾನು ಹತ್ತಾರು ವರ್ಷಗಳಿಂದ ಬಲ್ಲೆನೆಂದುಕೊಂಡಿದ್ದ ಮುದ್ರಣ ಅದು, ಆ ನಿಲುಗಡೆಯನ್ನು ನಾನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಹೊಸ ಕಿವಿಗೆ ಹೀಗೆ ಸಿಗುವುದನ್ನು ಪಳಗಿದ ಕಿವಿ ಕಳೆದುಕೊಂಡಿರುತ್ತದೆ. ಇದನ್ನು ಓದುವ ಹಿರಿಯ ರಸಿಕರಲ್ಲಿ ಒಂದು ಬೇಡಿಕೆ ಇದೆ: ಕಿರಿಯರೊಬ್ಬರು ಉತ್ಸಾಹದಿಂದ ಒಂದು ಹೆಸರು ಹೇಳಿದಾಗ, ಇನ್ನೆಷ್ಟು ಹೆಸರು ಗೊತ್ತಿದೆಯೆಂದು ಪರೀಕ್ಷೆ ಮಾಡಬೇಡಿ. ಮುಂದಿನ ಒಂದು ಹೆಸರನ್ನು ಕೊಡಿ, ಸಾಕು.

ಹೆಸರು ಹಿಡಿದು ಹೋಗುವ ಈ ದಾರಿಯೇ ಉತ್ಸಾಹಿಗಳು ಕಡಿದು ಮಾಡಿದ್ದು. 78 ವೇಗದ ತಟ್ಟೆಗಳ ಕಾಲದಲ್ಲಿ ಲೇಬಲ್ಲಿನ ಮೇಲೆ ತಂಡದ ಮುಖ್ಯಸ್ಥರ ಹೆಸರಷ್ಟೇ ಇರುತ್ತಿದ್ದುದು ಸಾಮಾನ್ಯ. ಉಳಿದವರು ಯಾರೆಂಬುದನ್ನು ಕೇಳುಗರೇ ಕಿವಿಯಿಂದ, ವಾದಕರನ್ನು ವಿಚಾರಿಸಿ, ಪತ್ತೆ ಹಚ್ಚಬೇಕಿತ್ತು. 1930ರ ದಶಕದಲ್ಲಿ ಪ್ಯಾರಿಸ್ಸಿನ ಯುವ ರಸಿಕರು ‘ಹಾಟ್ ಕ್ಲಬ್’ ಎಂಬ ಕೂಟ ಕಟ್ಟಿಕೊಂಡರು. ಗಿಟಾರ್ ವಾದಕ ಜ್ಯಾಂಗೊ ರೈನ್‌ಹಾರ್ಟ್ ಮತ್ತು ಪಿಟೀಲು ವಾದಕ ಸ್ಟೆಫಾನ್ ಗ್ರಾಪೆಲ್ಲಿ ಅವರ ಪ್ರಸಿದ್ಧ ತಂಡ 1934ರಲ್ಲಿ ಬೆಳಕಿಗೆ ಬಂದದ್ದು ಆ ಕ್ಲಬ್ಬಿನ ಹೆಸರಿನಲ್ಲಿಯೇ. ಅದೇ ಬಳಗದ ಶಾರ್ಲ್ ದೆಲೋನೆ, ಯಾವ ಮುದ್ರಿಕೆಯಲ್ಲಿ ಯಾರು ನುಡಿಸಿದ್ದಾರೆ ಎಂಬ ವಿವರಗಳನ್ನು ಕಲೆಹಾಕಿ 1936ರಲ್ಲಿ ಒಂದು ದೊಡ್ಡ ಸೂಚಿಯನ್ನು ಪ್ರಕಟಿಸಿದಾಗ ಅವರಿಗೆ 25 ವರ್ಷ. ಇವತ್ತು ನೀವು ಒಂದು ಆಲ್ಬಮ್‌ನ ವಾದಕರ ಹೆಸರುಗಳನ್ನು ಕ್ಷಣದಲ್ಲಿ ನೋಡಬಲ್ಲಿರಾದರೆ, ಅದರ ಹಿಂದೆ ಇಂಥ ಕಿರಿಯರ ವರ್ಷಗಟ್ಟಲೆಯ ಶ್ರಮವಿದೆ.

ಇಷ್ಟವಾಗದ್ದನ್ನು ಏನು ಮಾಡಬೇಕು ಎಂದೂ ಕೇಳುತ್ತಾರೆ. ಅದನ್ನು ಬದಿಗಿಡಿ, ಒಂದೆರಡು ವರ್ಷ ಬಿಟ್ಟು ಮತ್ತೆ ಕೇಳಿ. 1940ರ ದಶಕದಲ್ಲಿ ಬಂದ, ವೇಗದ, ಜಟಿಲವಾದ ಬೀಬಾಪ್ ಶೈಲಿಯನ್ನು ಹಿರಿಯ ಟ್ರಂಪೆಟ್ ವಾದಕ, ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಬಹಿರಂಗವಾಗಿ ಟೀಕಿಸಿದ್ದರು. ಅದೇ ಶೈಲಿಯ ಮುಂದಾಳು ಡಿಜ್ಜಿ ಗಿಲೆಸ್ಪಿಯವರ ಜೊತೆ 1959ರಲ್ಲಿ ಟೆಲಿವಿಷನ್ ಕಾರ್ಯಕ್ರಮದಲ್ಲಿ ನಗುತ್ತ ಹಾಡಿ ನುಡಿಸಿದರು.

ಇತಿಹಾಸ ಗೊತ್ತಿಲ್ಲದೆ ಆರಂಭಿಸಬಹುದು, ಆದರೆ ಅದನ್ನು ಕೊನೆಯವರೆಗೂ ಬಿಟ್ಟು ನಡೆಯಲಾಗದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಈ ಸಂಗೀತವನ್ನು ಕಟ್ಟಿದವರಲ್ಲಿ ಬಹುಪಾಲು ಜನ ಆಫ್ರಿಕನ್ ಅಮೆರಿಕನ್ನರು, ಮತ್ತು ಅವರು ಬಾಳಿದ್ದು ಬಣ್ಣದ ಕಾರಣಕ್ಕೆ ಅವಮಾನಿಸುವ ವ್ಯವಸ್ಥೆಯೊಳಗೆ. ‘ಕೈಂಡ್ ಆಫ್ ಬ್ಲೂ’ ಬಿಡುಗಡೆಯಾದದ್ದು 1959ರ ಆಗಸ್ಟ್ 17ರಂದು. ಎಂಟು ದಿನಗಳ ಬಳಿಕ, ನ್ಯೂಯಾರ್ಕಿನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ತಾವು ನುಡಿಸುತ್ತಿದ್ದ ರಾತ್ರಿ, ಮಹಿಳೆಯೊಬ್ಬರನ್ನು ಟ್ಯಾಕ್ಸಿ ಹತ್ತಿಸಿ ಕ್ಲಬ್ಬಿನ ಹೊರಗೆ ನಿಂತಿದ್ದ ಮೈಲ್ಸ್ ಡೇವಿಸ್ ಅವರನ್ನು ಪೊಲೀಸರು ತಲೆಯಿಂದ ರಕ್ತ ಸುರಿಯುವಂತೆ ಹೊಡೆದು ಬಂಧಿಸಿದರು. ಅವರ ಹೆಸರೇ ಕ್ಲಬ್ಬಿನ ಫಲಕದ ಮೇಲಿತ್ತು. ಓದುವಾಗ ಹಿನ್ನೆಲೆಗೆ ಹಿತವೆಂದು ಹಾಕಿಕೊಳ್ಳುವ ಆ ಶಾಂತ ಸಂಗೀತ ಎಂಥ ದಿನಗಳಲ್ಲಿ ಹುಟ್ಟಿತೆಂದು ತಿಳಿದರೆ ಸಂಗೀತದ ಸುಖ ಕಡಿಮೆಯಾಗುವುದಿಲ್ಲ. ಆ ಶಾಂತಿಗೆ ಎಷ್ಟು ಬಲ ಬೇಕಾಗಿತ್ತು ಎಂಬುದು ಕೇಳಿಸತೊಡಗುತ್ತದೆ.

ಹಾಗಾಗಿ ಈ ವಾರಕ್ಕೆ ಇಷ್ಟು ಮಾಡಿ. ‘ಕ್ಯಾಂಟಲೋಪ್ ಐಲ್ಯಾಂಡ್’ ಅನ್ನು ಮತ್ತೊಮ್ಮೆ ಹಾಕಿ, ಪಿಯಾನೊವನ್ನು ಬಿಟ್ಟು ಡ್ರಮ್ಸ್‌ನ ತಾಳಫಲಕ (ಸಿಂಬಲ್) ಒಂದನ್ನೇ ಕೊನೆಯವರೆಗೆ ಹಿಂಬಾಲಿಸಿ. ಆಮೇಲೆ ಹ್ಯಾನ್‌ಕಾಕ್, ಕಾರ್ಟರ್, ವಿಲಿಯಮ್ಸ್ ಈ ಮೂವರೂ ಡೇವಿಸ್ ಜೊತೆಗೂಡಿ 1964ರ ಫೆಬ್ರವರಿ 12ರಂದು ನ್ಯೂಯಾರ್ಕಿನ ಫಿಲ್‌ಹಾರ್ಮಾನಿಕ್ ಹಾಲ್‌ನಲ್ಲಿ ಕೊಟ್ಟ ಕಛೇರಿಯನ್ನು ಹುಡುಕಿಕೊಳ್ಳಿ. ಮಿಸಿಸಿಪ್ಪಿ ಮತ್ತು ಲೂಯಿಸಿಯಾನದಲ್ಲಿ ಕರಿಯರ ಹೆಸರುಗಳನ್ನು ಮತದಾರರ ಪಟ್ಟಿಗೆ ಸೇರಿಸುವ ಹೋರಾಟಕ್ಕೆ ಹಣ ಕೂಡಿಸಲು ನಡೆದ ಕಛೇರಿ ಅದು. ಆ ರಾತ್ರಿಯ ನಿಧಾನಗತಿಯ ರಚನೆಗಳು ‘ಮೈ ಫನ್ನಿ ವ್ಯಾಲೆಂಟೈನ್’ ಎಂಬ ಆಲ್ಬಮ್‌ನಲ್ಲಿಯೂ ವೇಗದವು ‘ಫೋರ್ ಆ್ಯಂಡ್ ಮೋರ್’ ಎಂಬ ಆಲ್ಬಮ್‌ನಲ್ಲಿಯೂ ಇವೆ. ಹದಿನೆಂಟರ ಹುಡುಗ ಎರಡರಲ್ಲೂ ನುಡಿಸಿದ್ದಾನೆ. ವೇಗದ್ದನ್ನು ಮೊದಲು ಕೇಳಿ.