ಕೈ ಎತ್ತ ತಿರುಗಿದೆ, ಕೈ ಎಲ್ಲಿದೆ: ಮೋಷನ್ ಕಂಟ್ರೋಲ್ ಆಯ್ಕೆಗೆ ಮುಂಚೆ

ಮೋಷನ್ ಕಂಟ್ರೋಲ್, ಎಂದರೆ ಕೈಮೈ ಚಲನೆಯಿಂದಲೇ ಆಡಿಸುವ ವ್ಯವಸ್ಥೆ, ಇರುವ ಆಟದ ಕೆಲಸ ಶುರುವಾದಾಗ ತಂಡದಲ್ಲಿ ಮೊದಲು ಏಳುವ ಚರ್ಚೆ ಯಾವ ಕನ್ಸೋಲ್‌ನದು ಚೆನ್ನಾಗಿದೆ ಎಂಬುದು. ಅದನ್ನು ಪಕ್ಕಕ್ಕಿಡಿ. ಆಟಗಾರ ಮಾಡಬೇಕಾದ ಪ್ರತಿ ಚಲನೆಯನ್ನೂ ಬರೆದುಕೊಂಡು, ಅದಕ್ಕೆ ಕೈ ಎತ್ತ ತಿರುಗಿದೆ ಎಂದು ಗೊತ್ತಾದರೆ ಸಾಕೋ, ಕೈ ಎಲ್ಲಿದೆ ಎಂದೂ ಗೊತ್ತಾಗಬೇಕೋ ಎಂದು ಕೇಳಿ. ಸ್ಟೇರಿಂಗ್ ತಿರುಗಿಸಲು ಮೊದಲನೆಯದು ಸಾಕು. ಬಿಲ್ಲಿನ ಹೆದೆ ಎಳೆಯುವಾಗ ಎರಡು ಕೈಗಳ ನಡುವಿನ ಅಂತರವೇ ಮುಖ್ಯ, ಅಲ್ಲಿ ಎರಡನೆಯದು ಬೇಕು. ಒಂದಕ್ಕೆ ಮಾಡಿದ ಸೆನ್ಸರ್‌ನಿಂದ ಇನ್ನೊಂದನ್ನು ಹಿಂಡಲು ಹೋದಾಗಲೇ ತಿಂಗಳುಗಟ್ಟಲೆ ಕೆಲಸ ಹಾಳಾಗುವುದು.

2006ರ ನಿಂಟೆಂಡೊ ವೀ ಕನ್ಸೋಲ್‌ನ ರಿಮೋಟ್‌ನಲ್ಲಿದ್ದದ್ದು ಮೂರು ಅಕ್ಷದ ಆಕ್ಸಿಲರೋಮೀಟರ್ (ವೇಗೋತ್ಕರ್ಷ ಅಳೆಯುವ ಸೆನ್ಸರ್) ಮತ್ತು ಮೂತಿಯಲ್ಲೊಂದು ಇನ್‌ಫ್ರಾರೆಡ್ ಕ್ಯಾಮೆರಾ. ರಿಮೋಟ್ ಅಲ್ಲಾಡದೆ ಇರುವಾಗ ಆಕ್ಸಿಲರೋಮೀಟರ್ ಗುರುತ್ವದ ದಿಕ್ಕನ್ನು ಹೇಳುತ್ತದೆ, ಅದರಿಂದ ವಾಲಿಕೆ ಸಿಗುತ್ತದೆ. ಬೀಸಿದ ಕ್ಷಣ ಗುರುತ್ವವೂ ಕೈಯ ವೇಗೋತ್ಕರ್ಷವೂ ಕಲಸಿಹೋಗಿ, ಎರಡನ್ನೂ ಬೇರ್ಪಡಿಸಲು ಅದೊಂದರಿಂದಲೇ ಆಗುವುದಿಲ್ಲ. ಎಡಕ್ಕೆ ಬಲಕ್ಕೆ ಸಮತಟ್ಟಾಗಿ ತಿರುಗಿಸಿದರೆ ಗುರುತ್ವದ ದಿಕ್ಕು ಬದಲಾಗುವುದೇ ಇಲ್ಲ, ಹಾಗಾಗಿ ಆ ತಿರುವು ಅದಕ್ಕೆ ಕಾಣುವುದಿಲ್ಲ. ಅಳತೆಯ ಮಿತಿ ±3 ಜಿ ಆಸುಪಾಸಿನದು (1 ಜಿ ಎಂದರೆ ಭೂಮಿಯ ಗುರುತ್ವದಷ್ಟು). ಜೋರಾಗಿ ಬೀಸಿದರೆ ಗ್ರಾಫಿನ ತಲೆ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಬೀಸಿದ ರಭಸವನ್ನು ಆ ತುದಿಯ ಎತ್ತರದಿಂದ ಅಳೆದರೆ ಸಾಧಾರಣ ಜೋರಿಗೂ ಮೈಯೆಲ್ಲ ಹಾಕಿ ಬೀಸಿದ್ದಕ್ಕೂ ಒಂದೇ ಅಂಕ ಬರುತ್ತದೆ. 1 ಜಿಯಿಂದ 2.5 ಜಿಗೆ ಏರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂದು ನೋಡಿದರೆ ವ್ಯತ್ಯಾಸ ಸಿಗುತ್ತದೆ.

ಟಿವಿ ಮೇಲಿಡುವ ಸೆನ್ಸರ್ ಬಾರ್ ಹೆಸರಿಗಷ್ಟೇ ಸೆನ್ಸರ್. ಅದರೊಳಗಿರುವುದು ಸುಮಾರು 20 ಸೆಂ.ಮೀ. ದೂರದಲ್ಲಿ ಎರಡು ಗುಂಪು ಇನ್‌ಫ್ರಾರೆಡ್ ಎಲ್‌ಇಡಿ. ನೋಡುವ ಕೆಲಸ ರಿಮೋಟ್‌ನದು. ಎರಡು ಚುಕ್ಕಿಗಳ ನಡುಬಿಂದುವಿನಿಂದ ಗುರಿ, ಅವುಗಳ ಓರೆಯಿಂದ ಹೊರಳು (ರಿಮೋಟ್ ತನ್ನ ಉದ್ದದ ಸುತ್ತ ಎಷ್ಟು ತಿರುಗಿದೆ ಎಂಬುದು), ನಡುವಿನ ಅಂತರದಿಂದ ಟಿವಿಗೆ ಎಷ್ಟು ದೂರ ಎಂಬುದು ಸಿಗುತ್ತದೆ. ಕ್ಯಾಮೆರಾ ನಾಲ್ಕು ಚುಕ್ಕಿಗಳವರೆಗೆ ಹೇಳುತ್ತದೆ; ಕಿಟಕಿಯ ಬಿಸಿಲು, ಮೇಣದಬತ್ತಿ, ಫಿಲಮೆಂಟ್ ಬಲ್ಬು ಎಲ್ಲವೂ ಅದಕ್ಕೆ ಚುಕ್ಕಿಗಳೇ. ಸರಿಯಾದ ಜೋಡಿಯನ್ನು ಆರಿಸಲು ಎರಡು ಪರೀಕ್ಷೆ ಸಾಕು: ಹಿಂದಿನ ಫ್ರೇಮಿನ ಅಂತರಕ್ಕೆ ಹತ್ತಿರವಿರಬೇಕು, ಓರೆಯು ಆಕ್ಸಿಲರೋಮೀಟರ್ ಹೇಳುವ ಹೊರಳಿಗೆ ಹೊಂದಬೇಕು. ಒಂದು ಚುಕ್ಕಿ ಅಂಚಿನಿಂದ ಆಚೆ ಹೋದರೆ, ಕೊನೆಯ ಅಂತರ ಮತ್ತು ಓರೆಯನ್ನು ಹಿಡಿದು ಅದರ ಜಾಗ ಊಹಿಸಿ. ಇಲ್ಲವಾದರೆ ಪರದೆಯ ಮೂಲೆಯಲ್ಲಿ ಕರ್ಸರ್ ಜಿಗಿಯುತ್ತದೆ.

ಆ ಸಮತಟ್ಟು ತಿರುವಿನ ಕೊರತೆಯನ್ನು ತುಂಬಿದ್ದು ಗೈರೋ ಎಂಬ ಸೆನ್ಸರ್. ವೀಗೆ ಅದು 2009ರಲ್ಲಿ ರಿಮೋಟ್‌ಗೆ ಸಿಕ್ಕಿಸುವ ಮೋಷನ್‌ಪ್ಲಸ್ ರೂಪದಲ್ಲಿ ಬಂತು. 2013ರ ಡ್ಯುಯಲ್‌ಶಾಕ್ 4 (ಪ್ಲೇಸ್ಟೇಷನ್ 4ರ ಕಂಟ್ರೋಲರ್), 2017ರ ಜಾಯ್-ಕಾನ್ (ನಿಂಟೆಂಡೊ ಸ್ವಿಚ್‌ನದು) ಎರಡರಲ್ಲೂ ಆಕ್ಸಿಲರೋಮೀಟರ್ ಜೊತೆಗೇ ಇದೆ. ಗೈರೋ ಹೇಳುವುದು ತಿರುಗುವ ವೇಗವನ್ನು. ಕೋನ ಬೇಕೆಂದರೆ ನಾವೇ ಕೂಡಿಸುತ್ತ ಹೋಗಬೇಕು. ಸುಮ್ಮನಿರುವಾಗಲೂ ಅದು ಸೆಕೆಂಡಿಗೆ 0.1 ಡಿಗ್ರಿ ಎಂದು ತಪ್ಪು ಓದಿದರೆ ನಿಮಿಷಕ್ಕೆ 6 ಡಿಗ್ರಿ ಜಾರುತ್ತದೆ, ಹತ್ತು ನಿಮಿಷದಲ್ಲಿ ಆಟಗಾರ ಪಕ್ಕದ ಗೋಡೆಗೆ ಗುರಿ ಇಟ್ಟಿರುತ್ತಾನೆ. ಈ ತಪ್ಪನ್ನು ಆಟದ ನಡುವೆ ತಾನಾಗಿ ಕಳೆಯುವ ಕೋಡ್‌ನಲ್ಲಿ ಒಂದು ಹಳ್ಳವಿದೆ. ಆಟಗಾರ ತೀರಾ ನಿಧಾನವಾಗಿ ಗುರಿ ತಿರುಗಿಸುತ್ತಿದ್ದರೆ ಕೋಡ್ ಅದನ್ನೇ ತಪ್ಪು ಓದು ಎಂದುಕೊಳ್ಳುತ್ತದೆ. ಗುರಿ ಮುಂದಕ್ಕೆ ಸಾಗುವುದಿಲ್ಲ, ಕೈ ನಿಂತ ಮೇಲೆ ಹಿಂದಕ್ಕೆ ಜಾರುತ್ತದೆ. ಮೂರೂ ಅಕ್ಷಗಳಲ್ಲಿ ಏರಿಳಿತ ತೀರ ಕಡಿಮೆಯಿದ್ದು, ಆಕ್ಸಿಲರೋಮೀಟರ್‌ನ ಒಟ್ಟು ಮೊತ್ತ 1 ಜಿ ಹತ್ತಿರ ಎರಡು ಸೆಕೆಂಡ್ ನಿಂತರೆ ಮಾತ್ರ, ಎಂದರೆ ಮೇಜಿನ ಮೇಲಿಟ್ಟಾಗ ಮಾತ್ರ, ತಿದ್ದುಪಡಿ ಒಪ್ಪಿಕೊಳ್ಳಿ. ಕಂಟ್ರೋಲರ್ ಬಿಸಿಯಾದಂತೆ ತಪ್ಪು ಬದಲಾಗುವುದರಿಂದ ಮೊದಲ ಬಾರಿಯ ಕ್ಯಾಲಿಬ್ರೇಷನ್ ಆಟದ ಕೊನೆವರೆಗೆ ಬಾಳುವುದಿಲ್ಲ. ಏನೇ ಮಾಡಿದರೂ ಗುರಿಯನ್ನು ಮತ್ತೆ ನಡುವಿಗೆ ತರುವ ಬಟನ್ ಒಂದು ಬೇಕೇ ಬೇಕು. ಅದನ್ನು ಮೆನುವಿನಲ್ಲಿ ಹೂತಿಡಬೇಡಿ.

ವಾಲಿಕೆಗೆ ಎರಡನ್ನೂ ಬೆರೆಸುವ ಸರಳ ಫಿಲ್ಟರ್ ಎಲ್ಲರಿಗೂ ಗೊತ್ತು: ಗೈರೋದಿಂದ ಬಂದ ಕೋನ 0.98 ಪಾಲು, ಆಕ್ಸಿಲರೋಮೀಟರ್‌ನದು 0.02 ಪಾಲು. ಆದರೆ ಈ 0.98 ಎಲ್ಲ ಕಡೆಗೂ ಒಂದೇ ಅಲ್ಲ. 10 ಮಿಲಿಸೆಕೆಂಡಿಗೊಮ್ಮೆ ಓದುವಾಗ ಅದು ಸುಮಾರು 0.49 ಸೆಕೆಂಡಿನ ಫಿಲ್ಟರ್. 5 ಮಿಲಿಸೆಕೆಂಡಿಗೆ ಬದಲಾಯಿಸಿದರೆ 0.245 ಸೆಕೆಂಡ್, ಎಂದರೆ ಆಕ್ಸಿಲರೋಮೀಟರ್ ಕೋನವನ್ನು ಎರಡು ಪಟ್ಟು ಬೇಗ ತನ್ನತ್ತ ಎಳೆಯುತ್ತದೆ. ಬೇರೆ ಕಂಟ್ರೋಲರ್‌ಗೆ ಕೋಡ್ ಒಯ್ದಾಗ ಬೀಸಿದಾಗೆಲ್ಲ ಕತ್ತಿ ಅಲುಗಾಡುತ್ತದೆ ಎಂಬ ದೂರು ಬಂದರೆ ಮೊದಲು ನೋಡಬೇಕಾದ್ದು ಇದನ್ನೇ.

ವೇಗೋತ್ಕರ್ಷವನ್ನು ಎರಡು ಸಲ ಕೂಡಿಸಿದರೆ ಕೈಯ ಜಾಗವೂ ಸಿಗಬೇಕಲ್ಲ ಎಂದು ಪ್ರತಿ ತಂಡದಲ್ಲೂ ಯಾರಾದರೊಬ್ಬರು ಕೇಳುತ್ತಾರೆ. ಲೆಕ್ಕ ಹಾಕಿ: 0.01 ಜಿಯಷ್ಟು ತಪ್ಪು ಒಂದು ಸೆಕೆಂಡಿಗೆ 5 ಸೆಂ.ಮೀ., ಐದು ಸೆಕೆಂಡಿಗೆ 1.2 ಮೀಟರ್, ಹತ್ತು ಸೆಕೆಂಡಿಗೆ ಸುಮಾರು 5 ಮೀಟರ್. ಆಟಗಾರ ಕೂತಲ್ಲೇ ಕೂತಿದ್ದಾನೆ, ಅವನ ಕೈ ಗೋಡೆ ದಾಟಿರುತ್ತದೆ. ವಾಲಿಕೆಯಲ್ಲಿ ಅರ್ಧ ಡಿಗ್ರಿ ತಪ್ಪಿದರೂ ಗುರುತ್ವ ಸೋರಿ ಇಷ್ಟೇ ಆಗುತ್ತದೆ.

ಜಾಗ ಬೇಕೆಂದರೆ ಹೊರಗಿನಿಂದ ನೋಡುವ ಕಣ್ಣು ಬೇಕು. 2010ರ ಪ್ಲೇಸ್ಟೇಷನ್ ಮೂವ್ ಹಿಡಿದ ದಾರಿ ಅದು: ತುದಿಯಲ್ಲಿ ಬಣ್ಣ ಬದಲಿಸುವ ಉರಿಯುವ ಗೋಳ, ಎದುರಿಗೆ ಕ್ಯಾಮೆರಾ, ಒಳಗೆ ಗೈರೋ. ಗೋಳ ಯಾವ ಕಡೆ ತಿರುಗಿದರೂ ವೃತ್ತವೇ, ಹಾಗಾಗಿ ಅದರ ಗಾತ್ರದಿಂದ ದೂರ ತಿಳಿಯುತ್ತದೆ. ಆದರೆ ಅಕ್ಕಪಕ್ಕದ ನಿಖರತೆ ಆಳದಲ್ಲಿ ಇರುವುದಿಲ್ಲ. 640 ಪಿಕ್ಸೆಲ್ ಅಗಲ, 75 ಡಿಗ್ರಿ ನೋಟ, 45 ಮಿ.ಮೀ. ಗೋಳ ಎಂದಿಟ್ಟುಕೊಂಡರೆ 3 ಮೀಟರ್ ದೂರದಲ್ಲಿ ಅದು ಆರು ಪಿಕ್ಸೆಲ್ ಚಿಲ್ಲರೆ. ಅರ್ಧ ಪಿಕ್ಸೆಲ್ ತಪ್ಪಿದರೆ ಆಳದಲ್ಲಿ ಕಾಲು ಮೀಟರ್ ಹತ್ತಿರ ಏರುಪೇರು. ಚುಚ್ಚುವ ಚಲನೆ ಗುರುತಿಸಲು ಇದೊಂದನ್ನೇ ನಂಬಬೇಡಿ, ಆಕ್ಸಿಲರೋಮೀಟರ್‌ನ ಏರಿಕೆಯನ್ನೂ ಜೊತೆಗೆ ಕೇಳಿ.

ಅದೇ ವರ್ಷದ ಕಿನೆಕ್ಟ್, ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್‌ಗೆ ಬಂದ ಕ್ಯಾಮೆರಾ, ಕೈಯಲ್ಲಿ ಏನೂ ಕೊಡಲಿಲ್ಲ. ಇನ್‌ಫ್ರಾರೆಡ್ ಚುಕ್ಕಿಗಳ ಚಿತ್ತಾರ ಎರಚಿ, ಅದು ಸರಿದ ಪ್ರಮಾಣದಿಂದ ಆಳ ಲೆಕ್ಕ ಹಾಕಿ, ಸೆಕೆಂಡಿಗೆ 30 ಬಾರಿ 20 ಕೀಲುಗಳನ್ನು ಹೇಳುತ್ತಿತ್ತು. ಆಳದ ಅತಿ ಸಣ್ಣ ಹೆಜ್ಜೆ ದೂರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: 1 ಮೀಟರ್‌ನಲ್ಲಿ ಸುಮಾರು 3 ಮಿ.ಮೀ., 3 ಮೀಟರ್‌ನಲ್ಲಿ 2.5 ಸೆಂ.ಮೀ. 2013ರ ಎರಡನೆಯ ಕಿನೆಕ್ಟ್ ಬೆಳಕು ಹೋಗಿಬರುವ ಸಮಯ ಅಳೆಯುವ ವಿಧಾನಕ್ಕೆ ಬದಲಾಗಿ 25 ಕೀಲು ಕೊಟ್ಟಿತು. ಆಟಗಾರ ಪಕ್ಕಕ್ಕೆ ತಿರುಗಿದರೆ ಮರೆಯಾದ ತೋಳನ್ನು ಎರಡೂ ಊಹಿಸುತ್ತವೆ. ಊಹಿಸಿದ ಕೀಲಿಗೆ ಎಸ್‌ಡಿಕೆ (ಆಟ ಬರೆಯುವವರಿಗೆ ಕೊಡುವ ಸಾಫ್ಟ್‌ವೇರ್ ಕಿಟ್) ಗುರುತು ಹಾಕಿಯೇ ಕೊಡುತ್ತದೆ. ಆ ಗುರುತನ್ನು ನೋಡದೆ ಹೊಡೆತ ಲೆಕ್ಕ ಹಾಕಿದರೆ ಬೀಸದ ಕೈಗೂ ಅಂಕ ಬರುತ್ತದೆ.

ಲ್ಯಾಗ್ ಅನ್ನು, ಎಂದರೆ ಕೈ ಅಲುಗಿದ ಮೇಲೆ ಪರದೆ ಅಲುಗಲು ಆಗುವ ತಡವನ್ನು, ಕಣ್ಣಂದಾಜಿಗೆ ಬಿಡಬೇಡಿ. ಕೈಯೂ ಪರದೆಯೂ ಒಟ್ಟಿಗೆ ಕಾಣುವಂತೆ ಫೋನ್ ಇಟ್ಟು ಸೆಕೆಂಡಿಗೆ 240 ಫ್ರೇಮ್‌ನಲ್ಲಿ ಚಿತ್ರೀಕರಿಸಿ, ಕೈ ಹೊರಟ ಫ್ರೇಮಿನಿಂದ ಪರದೆ ಅಲುಗಿದ ಫ್ರೇಮಿನವರೆಗೆ ಎಣಿಸಿ. 12 ಫ್ರೇಮ್ ಅಂದರೆ 50 ಮಿಲಿಸೆಕೆಂಡ್. ಅದಕ್ಕೂ ಮುಂಚೆ ಅದೇ ಆಟವನ್ನು ಬಟನ್ ಒತ್ತಿ ಒಮ್ಮೆ ಅಳೆದುಕೊಳ್ಳಿ, ಟಿವಿಯ ಗೇಮ್ ಮೋಡ್ ಆನ್ ಇರಲಿ. ಇಲ್ಲದಿದ್ದರೆ ಟಿವಿಯ ತಡವನ್ನೂ ಸೆನ್ಸರ್‌ನ ಲೆಕ್ಕಕ್ಕೇ ಬರೆಯುತ್ತೀರಿ.