ಅರ್ಜಿ ಬರೆಯಲು ಬಲ್ಲವರಿಗೇ ಅನುದಾನ

ಬಡ ದೇಶಗಳ ಸಣ್ಣ ಸೇವಾ ಸಂಸ್ಥೆಗಳಿಗೆ ಅನುದಾನದ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಈ ಕೆಲಸದಲ್ಲಿ ನನ್ನನ್ನು ಬಿಡದೆ ಕಾಡುವ ವಿಷಯ ಒಂದಿದೆ. ದುಡ್ಡು ಯಾವ ದಾರಿಯಲ್ಲಿ ಬರುತ್ತದೋ, ಸಂಸ್ಥೆ ನಿಧಾನಕ್ಕೆ ಅದೇ ಆಕಾರಕ್ಕೆ ಬಂದುಬಿಡುತ್ತದೆ.

ನಮೂನೆ ಕೈಗೆ ಬಂದ ಕೂಡಲೇ ನಾನು ನೋಡುವುದು ಬಜೆಟ್ ಪುಟವನ್ನು. ತರಬೇತಿಗೆ ಒಂದು ಸಾಲು, ಓಡಾಟಕ್ಕೆ ಒಂದು ಸಾಲು, ಪೋಸ್ಟರ್ ಅಚ್ಚಿಗೆ ಇನ್ನೊಂದು. ಕಚೇರಿ ಬಾಡಿಗೆ, ಕರೆಂಟ್ ಬಿಲ್, ಲೆಕ್ಕ ಬರೆಯುವವರ ಸಂಬಳ ಮಾತ್ರ ಕೊನೆಯಲ್ಲಿ ‘ಆಡಳಿತ ವೆಚ್ಚ’ ಅನ್ನುವ ಒಂದೇ ಸಾಲಿನಲ್ಲಿ ತುರುಕಿಕೊಳ್ಳಬೇಕು. ಅದಕ್ಕೂ ಮಿತಿ ಇದೆ. ಅಮೆರಿಕ ಸರ್ಕಾರದ ಅನುದಾನದಲ್ಲಿ, ಆಡಳಿತ ವೆಚ್ಚಕ್ಕೆ ತಮ್ಮದೇ ದರವನ್ನು ಸರ್ಕಾರದ ಜೊತೆ ಮಾತಾಡಿಕೊಳ್ಳಲು ಆಗದ ಸಂಸ್ಥೆಗಳಿಗೆ ಈ ಮಿತಿ ಕಾರ್ಯಕ್ರಮದ ನೇರ ವೆಚ್ಚದ ಶೇ. 10 ಇತ್ತು, 2024ರ ಅಕ್ಟೋಬರ್‌ನಲ್ಲಿ ಶೇ. 15 ಆಯಿತು. ದೊಡ್ಡ ಅಂತಾರಾಷ್ಟ್ರೀಯ ಸಂಸ್ಥೆಗಳು ಇದಕ್ಕಿಂತ ಜಾಸ್ತಿ ದರವನ್ನೇ ಮಾತಾಡಿಕೊಳ್ಳುತ್ತವೆ. ಅವರಿಗೆ ಅದಕ್ಕಾಗಿಯೇ ಲೆಕ್ಕಪತ್ರದ ವಿಭಾಗ ಇರುತ್ತದೆ.

ಹಾಗಾಗಿ ಎಲ್ಲರೂ ತರಬೇತಿ ನಡೆಸುತ್ತಾರೆ. ತರಬೇತಿಗೆ ದುಡ್ಡು ಸಿಗುತ್ತದೆ, ಬಂದವರ ಸಹಿ ಎಣಿಸಬಹುದು, ಫೋಟೋ ಕಳಿಸಬಹುದು. ಕಾಯಿಲೆ ಬಿದ್ದವರ ಪಕ್ಕ ರಾತ್ರಿಯಿಡೀ ಕೂತಿದ್ದನ್ನು ಯಾವ ಸಾಲಿನಲ್ಲಿ ಬರೆಯುವುದು? ಮೊದಲು ತಾವಾಗಿಯೇ ಸಹಾಯಕ್ಕೆ ಬರುತ್ತಿದ್ದ ಅಕ್ಕಪಕ್ಕದವರೂ, ಬಂದವರಿಗೆ ದಿನದ ಭತ್ಯೆ ಕೊಡುವುದು ಶುರುವಾದ ಮೇಲೆ ಭತ್ಯೆ ಇದ್ದ ದಿನ ಮಾತ್ರ ಬರುತ್ತಾರೆ. ಇದು ಅವರ ದುರಾಸೆ ಅಲ್ಲ. ದಿನದ ಕೂಲಿ ಬಿಟ್ಟು ಬರುವವರಿಗೆ ಆ ಭತ್ಯೆ ದೊಡ್ಡದು.

ಭಾಷೆಯ ವಿಷಯವಂತೂ ಇನ್ನೂ ನೋವಿನದು. ಅರ್ಜಿ ಇಂಗ್ಲಿಷಿನಲ್ಲೋ ಫ್ರೆಂಚಿನಲ್ಲೋ ಇರುತ್ತದೆ. ಆ ಭಾಷೆ ಚೆನ್ನಾಗಿ ಬರೆಯುವ ಹುಡುಗ ಸ್ವಲ್ಪ ದಿನದಲ್ಲೇ ನಿರ್ದೇಶಕ ಆಗುತ್ತಾನೆ. ಪ್ರತಿ ಮನೆಯ ಕಷ್ಟ ಗೊತ್ತಿರುವ, ಸಂಸ್ಥೆಯನ್ನು ಕಟ್ಟಿದ ಹೆಂಗಸು ‘ಕ್ಷೇತ್ರ ಸಿಬ್ಬಂದಿ’ ಆಗುತ್ತಾಳೆ. ಅವಳು ಫೋನಿನಲ್ಲಿ ಹೇಳುವುದನ್ನು ಕೇಳಿಸಿಕೊಂಡು ನಾನು ನಮೂನೆಯ ಭಾಷೆಗೆ ಇಳಿಸುತ್ತೇನೆ. ಅವಳು ಹೇಳಿದ್ದರಲ್ಲಿ ಅರ್ಧದಷ್ಟಕ್ಕೆ ಆ ಕಾಗದದಲ್ಲಿ ಜಾಗವೇ ಇರುವುದಿಲ್ಲ.

ಇದು ದಾನಿಗಳಿಗೆ ಗೊತ್ತಿಲ್ಲ ಅಂತಲ್ಲ. 2016ರಲ್ಲಿ ಇಸ್ತಾಂಬುಲ್‌ನಲ್ಲಿ ನಡೆದ ಶೃಂಗಸಭೆಯಲ್ಲಿ ದೊಡ್ಡ ದಾನಿಗಳೂ ಪರಿಹಾರ ಸಂಸ್ಥೆಗಳೂ ಸೇರಿ ‘ಗ್ರ್ಯಾಂಡ್ ಬಾರ್ಗೇನ್’ ಅನ್ನುವ ಒಪ್ಪಂದ ಮಾಡಿಕೊಂಡವು. 2020ರ ಹೊತ್ತಿಗೆ ಮಾನವೀಯ ನೆರವಿನ ಶೇ. 25ರಷ್ಟನ್ನು ಆದಷ್ಟು ನೇರವಾಗಿ ಸ್ಥಳೀಯ ಸಂಸ್ಥೆಗಳಿಗೇ ತಲುಪಿಸುವುದು ಅದರ ಗುರಿ. ಒಟ್ಟು ನೆರವು ಆ ಗುರಿಯ ಹತ್ತಿರಕ್ಕೂ ಹೋಗಲಿಲ್ಲ.

ಒಬ್ಬ ದಾನಿಯನ್ನೇ ನಂಬಿಕೊಂಡರೆ ಏನಾಗುತ್ತದೆ ಅನ್ನುವುದು 2025ರ ಜನವರಿಯಲ್ಲಿ ಗೊತ್ತಾಯಿತು. ಅಮೆರಿಕ ತನ್ನ ಬಹುತೇಕ ವಿದೇಶಿ ನೆರವನ್ನು ತಡೆಹಿಡಿಯಿತು. ಆಫ್ರಿಕಾದ ಹಲವು ದೇಶಗಳಲ್ಲಿ ಎಚ್‌ಐವಿ ಕ್ಲಿನಿಕ್‌ಗಳು ಬಾಗಿಲು ಹಾಕಿದವು, ಮನೆಮನೆಗೆ ಹೋಗುತ್ತಿದ್ದ ಆರೋಗ್ಯ ಕಾರ್ಯಕರ್ತರು ಕೆಲಸ ಕಳೆದುಕೊಂಡರು. ಔಷಧಿ ನಡುವೆ ತಪ್ಪಿಸುವ ಹಾಗಿಲ್ಲದ ಕಾಯಿಲೆ ಅದು. ಆ ಸುದ್ದಿ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಬಾಂಗ್ಲಾದೇಶದ ದೊಡ್ಡ ಸೇವಾ ಸಂಸ್ಥೆ ಬ್ರ್ಯಾಕ್ ಹಿಡಿದ ದಾರಿ ಬೇರೆ. ಫಜ್ಲೆ ಹಸನ್ ಅಬೇದ್ 1972ರಲ್ಲಿ ಅದನ್ನು ಶುರು ಮಾಡಿದರು, ಮೊದಲ ವರ್ಷಗಳಲ್ಲಿ ಹೆಚ್ಚಾಗಿ ಹೊರಗಿನ ದುಡ್ಡೇ ಆಧಾರ. 1978ರಲ್ಲಿ ಕರಕುಶಲ ವಸ್ತುಗಳ ‘ಆರೋಂಗ್’ ಅಂಗಡಿ ತೆರೆದರು, ಆಮೇಲೆ ಹಾಲಿನ ವ್ಯಾಪಾರ ಬಂತು, ಸಣ್ಣ ಸಾಲ ಬೆಳೆಯಿತು. ಆ ಗಳಿಕೆ ಇದ್ದಿದ್ದರಿಂದ ದಾನಿಯ ಮಾತಿಗೆ ಬೇಡ ಅನ್ನುವ ಶಕ್ತಿ ಅವರಿಗೆ ಬಂತು. ಆದರೆ ಸಾಯುವವರ ಆರೈಕೆ ಮಾಡುವ ಗುಂಪು ಯಾವ ಅಂಗಡಿ ತೆರೆಯಬೇಕು? ಎಲ್ಲರಿಗೂ ಈ ದಾರಿ ಹೊಂದುವುದಿಲ್ಲ. ಅಂಥವರಿಗೆ ಅಮೆರಿಕದ ಶ್ರೀಮಂತ ದಾನಿ ಮೆಕೆಂಜಿ ಸ್ಕಾಟ್ ಕೊಡುವ ರೀತಿ ನನಗೆ ತುಂಬಾ ಇಷ್ಟ. ದುಡ್ಡು ಕೊಡುತ್ತಾರೆ, ಯಾವುದಕ್ಕೆ ಬಳಸಬೇಕು ಅನ್ನುವುದನ್ನು ಸಂಸ್ಥೆಗೇ ಬಿಡುತ್ತಾರೆ.

ನೀವೂ ಯಾವುದಾದರೂ ಸಣ್ಣ ಸಂಸ್ಥೆಗೆ ಕೊಡುವವರಾಗಿದ್ದರೆ, ಚೆಕ್ ಜೊತೆ ಒಂದು ಸಾಲು ಬರೆದುಕೊಡಿ: ಬಾಡಿಗೆಗೂ ಬಳಸಬಹುದು, ಸಂಬಳಕ್ಕೂ ಬಳಸಬಹುದು. ಮುಂದಿನ ವರ್ಷವೂ ಕೊಡುತ್ತೀರಾದರೆ ಅದನ್ನೂ ಈಗಲೇ ಹೇಳಿಬಿಡಿ. ವರದಿ ಬೇಕೇ ಬೇಕಾದರೆ ಫೋನ್ ಮಾಡಿ, ಅವರಿಗೆ ಬರುವ ಭಾಷೆಯಲ್ಲೇ ಕೇಳಿಸಿಕೊಳ್ಳಿ.